ಪಲ್ಲವಿ ಬಿಡದವರು

ಭಾನುವಾರ ಬೆಳಿಗ್ಗೆ ರಾಯಚೂರಿನಿಂದ ಮಾನ್ವಿಗೆ ಹೋಗುವ ಬಸ್ಸಿನಲ್ಲಿ ಕೀಬೋರ್ಡಿನ ಉದ್ದ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ ಹುಡುಗರನ್ನು ಕಂಡರೆ ಮಾತಾಡಿಸದೆ ಇರಲು ನನ್ನಿಂದಾಗದು. ಪೆಂತೆಕೊಸ್ತ ಸಭೆಗಳಲ್ಲಿ ಆರಾಧನೆ ನಡೆಸುವವರು ಇವರು. ವಾರವೆಲ್ಲ ಗಾರೆ ಕೆಲಸ, ಆಟೊ, ಅಕ್ಕಿ ಗಿರಣಿ, ಭಾನುವಾರ ಮೈಕು. ಗುರುವಿನ ಹತ್ತಿರ ಕೂತು ಕಲಿತವರು ಕಡಿಮೆ. ಚಿಕ್ಕಂದಿನಲ್ಲಿ ಸಭೆಯಲ್ಲಿ ಚಪ್ಪಾಳೆ ತಟ್ಟಿ, ಆಮೇಲೆ ಡೋಲಕ್ ಹಿಡಿದು, ಕಡೆಗೊಂದು ದಿನ ಪಾಸ್ಟರು 'ನೀನೇ ಹಾಡಪಾ' ಅಂದಾಗ ಎದ್ದು ನಿಂತವರು.

ಒಬ್ಬ ತನ್ನ ಹಾಡಿನ ನೋಟುಪುಸ್ತಕ ತೋರಿಸಿದ. ಬೆವರು ತಾಗಿ ಅಂಚು ಮೆತ್ತಗಾಗಿತ್ತು. ಹಾಡುಗಳಲ್ಲಿ ಅರ್ಧದಷ್ಟು ತೆಲುಗಿನವು, ಲಿಪಿ ಮಾತ್ರ ಕನ್ನಡ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಜಿಲ್ಲೆ ಇದು. ಗಡಿ ದಾಟಿದರೆ ತೆಲುಗು. ಪ್ರತಿ ಹಾಡಿನ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಸ್ಕೇಲು ಬರೆದಿದ್ದ. 'ಹಾಡೋದು ಯಾರಿಗಾದ್ರೂ ಬರ್ತೈತಣ್ಣ. ಯಾವಾಗ ನಿಲ್ಲಿಸಬೇಕು ಅನ್ನೋದು ತಿಳೀಬೇಕು. ಜನ ಅಳಾಕ ಹತ್ತಿದ್ರ ಪಲ್ಲವಿ ಬಿಡಬಾರದ್ರಿ' ಅಂದ. ವಾರವಿಡೀ ಹತ್ತಿ ಬಿಡಿಸಿ ಬಂದ ಹೆಂಗಸು ಕಣ್ಣು ಮುಚ್ಚಿ ಕೈ ಎತ್ತಿದಾಗ ಅವಳ ಉಸಿರು ನೋಡಿಕೊಂಡೇ ಇವರು ಲಯ ಇಳಿಸುತ್ತಾರೆ. ಸಾಧಾರಣ ವಿದ್ಯೆಯಲ್ಲ ಇದು.

ಭಕ್ತಿಯಿಂದ ಹಾಡುವುದು ಈ ಸೀಮೆಗೆ ಹೊಸದೂ ಅಲ್ಲ. ಹರಿದಾಸರಲ್ಲಿ ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರ ಬ್ಯಾಗವಾಟ ಮಾನ್ವಿಯ ಕಡೆಯವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ಮುದಗಲ್ಲಿನಲ್ಲಿ ಮೊಹರಂ ಬಂದರೆ ಊರೇ ಹಾಡುತ್ತದೆ. ದಾಸರ ಪದಗಳನ್ನು ಮೊದಲು ಅಚ್ಚು ಹಾಕಿಸಿದವನೂ ಒಬ್ಬ ಪಾದ್ರಿ: ಬಾಸೆಲ್ ಮಿಷನ್ನಿನ ಮೋಗ್ಲಿಂಗ್, 1850ರಲ್ಲಿ, ಮಂಗಳೂರಿನಲ್ಲಿ.

ಪೆಂತೆಕೊಸ್ತ ಅಂದರೆ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ 1906ರಲ್ಲಿ ಹುಟ್ಟಿದ್ದು ಅನ್ನುವವರಿಗೆ ನಾನು ಪಂಡಿತಾ ರಮಾಬಾಯಿಯ ಹೆಸರು ಹೇಳುತ್ತೇನೆ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಅಪ್ಪ ಅಮ್ಮನ ಜೊತೆ ಊರೂರು ಅಲೆದು ದೇವಸ್ಥಾನಗಳಲ್ಲಿ ಪುರಾಣ ಓದಿದಾಕೆ. ಬರ ಹೆತ್ತವರನ್ನು ನುಂಗಿತು. ಮುಂದೆ ಕ್ರೈಸ್ತಳಾಗಿ, ಬರದಲ್ಲಿ ಸಿಕ್ಕ ಹೆಣ್ಣುಮಕ್ಕಳನ್ನೇ ತಂದು ಪುಣೆಯ ಬಳಿಯ ಕೇಡಗಾಂವದ ಮುಕ್ತಿ ಮಿಷನ್ನಿನಲ್ಲಿ ಸಾಕಿದಳು. ಆ ಹುಡುಗಿಯರು ಒಟ್ಟಾಗಿ ದನಿಯೆತ್ತಿ ಪ್ರಾರ್ಥಿಸಿ, ಅತ್ತು, ಹಾಡಿದ ಜಾಗೃತಿ 1905ರದು. ಅಜೂಸಾಕ್ಕಿಂತ ಒಂದು ವರ್ಷ ಮೊದಲು. ಕಲಬುರಗಿಯಲ್ಲೂ ಆಕೆ ಶಾಲೆ ತೆರೆದಳು, ಮಗಳು ಮನೋರಮಾ ಅದನ್ನು ನಡೆಸಿದಳು. ಬರ ಬಲ್ಲವರ ಹಾಡು ಅದು. ರಾಯಚೂರಿಗೆ ಒಗ್ಗಿದ್ದರಲ್ಲಿ ಆಶ್ಚರ್ಯವೇನು?

ನನ್ನ ಆಸೆ ಒಂದೇ. ಆ ನೋಟುಪುಸ್ತಕದಲ್ಲಿ ಈ ನೆಲದ ಕನ್ನಡ ಇನ್ನಷ್ಟು ಸೇರಬೇಕು. ಅನುವಾದದ ಹಾಡಿನಲ್ಲಿ ಮಾತು ತಾಳಕ್ಕೆ ಸಿಕ್ಕಿ ಒದ್ದಾಡುತ್ತದೆ. ಅದೇ ಭಜನೆಯ ಮಟ್ಟಿನಲ್ಲಿ 'ನಮ್ಮಪ್ಪಾ' ಅಂತ ಎತ್ತಿದರೆ ಹಿಂದಿನ ಸಾಲಿನ ಮುದುಕರೂ ದನಿಗೂಡಿಸುತ್ತಾರೆ. ದೇವದುರ್ಗದ ಹುಡುಗನೊಬ್ಬ ಬೆಂಗಳೂರಿಗೆ ಗುಳೆ ಹೋದ ತನ್ನ ಓಣಿಯವರಿಗಾಗಿ ಅಂಥದೊಂದು ಹಾಡು ಕಟ್ಟಿದ್ದಾನೆ. ಎರಡು ಚರಣ ಆಗಿದೆಯಂತೆ, ಮೂರನೆಯದು ಕೂಡಿಬರುತ್ತಿಲ್ಲ. ಶುಕ್ರವಾರದ ಉಪವಾಸ ಕೂಟದಲ್ಲಿ ಆದಷ್ಟನ್ನೇ ಹಾಡುತ್ತಾನಂತೆ. ನಾನೂ ಹೋಗುವವನಿದ್ದೇನೆ.