ಸಿಂಗಟಾಲೂರಿನ ರಾತ್ರಿಪಾಳಿ

ಏತ ನೀರಾವರಿಯಿಂದ ಹೆಸರಾದ ಊರು ನಮ್ಮದು. ತುಂಗಭದ್ರೆಯ ನೀರನ್ನು ಮೇಲಕ್ಕೆತ್ತುವ ಯಂತ್ರ ಎಂದರೆ ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ರಾತ್ರಿಯಿಡೀ ಪ್ರೋಟೀನ್ ಮಡಚುವ ಯಂತ್ರ ಎಂದರೆ ಮಾತ್ರ ವಿವರಿಸಬೇಕಾಗುತ್ತದೆ. ಪಕ್ಕದ ಮನೆಯ ಕಾಕಾ ನಡುವೆಯೇ ತಡೆದು ಕೇಳಿದರು:

“ಎಷ್ಟ ರೊಕ್ಕಾ ಕೊಡತಾರಪಾ?”

“ಏನೂ ಇಲ್ರಿ ಕಾಕಾ.”

“ಕರೆಂಟ್ ಬಿಲ್ಲು?”

“ಅದೂ ನಮ್ದರೀ.”

ಅವರು ಎಲೆಗೆ ಸುಣ್ಣ ಹಚ್ಚುತ್ತ, “ಓದಿದ ಮಂದಿ ಹಿಂಗ ನೋಡು” ಎಂದು ಎದ್ದು ಹೋದರು.

ನನ್ನ ಈ ಹುಚ್ಚಿನ ಹೆಸರು ‘ರೊಸೆಟ್ಟಾ ಅಟ್ ಹೋಮ್’. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬೇಕರ್ ಅವರ ಪ್ರಯೋಗಾಲಯ 2005ರಲ್ಲಿ ಶುರು ಮಾಡಿದ್ದು. ‘ಬಾಯಿಂಕ್’ ಎಂಬ ತಂತ್ರಾಂಶ ಹಾಕಿಕೊಂಡರೆ ಸಿಯಾಟಲ್‌ನಿಂದ ಕೆಲಸದ ಗಂಟು ಇಳಿಯುತ್ತದೆ, ನಮ್ಮ ಯಂತ್ರ ಅದನ್ನು ಮುಗಿಸಿ ಹಿಂದಕ್ಕೆ ಕಳಿಸುತ್ತದೆ. ದೊಡ್ಡ ಹೊಲದ ಕಳೆಯನ್ನು ಮುಯ್ಯಾಳುಗಳು ಸಾಲು ಹಂಚಿಕೊಂಡು ತೆಗೆದ ಹಾಗೆ. ಸಿಯಾಟಲ್‌ನವರು ನಮ್ಮ ಹೊಲಕ್ಕೆ ಬರುವುದಿಲ್ಲ, ಅಷ್ಟೇ.

ನನಗೆ ರುಚಿ ಹತ್ತಿದ್ದು ಇದರ ಪರದೆಯಿಂದ. ನೀಲಿಯಿಂದ ಕೆಂಪಿನವರೆಗೆ ಬಣ್ಣ ಬದಲಿಸುತ್ತ ಸಾಗುವ ಒಂದು ಪಟ್ಟಿ; ಅದೇ ಪ್ರೋಟೀನ್, ಅಮೈನೋ ಆಮ್ಲಗಳ ಸರಪಳಿ. ಒಂದು ಚೌಕದಲ್ಲಿ ಅದು ಅಡ್ಡಾದಿಡ್ಡಿ ಹೊರಳಾಡುತ್ತಲೇ ಇರುತ್ತದೆ: ಕಡಿಮೆ ಶಕ್ತಿಯ ಆಕಾರದ ಹುಡುಕಾಟ. ಪಕ್ಕದ ಚೌಕದಲ್ಲಿ ಒಪ್ಪಿಗೆಯಾದ ಭಂಗಿ. ಅದು ಆಗಾಗ ಬದಲಾಗುತ್ತದೆ. ಇನ್ನೊಂದರಲ್ಲಿ ಈವರೆಗಿನ ಅತಿ ಕಡಿಮೆ ಶಕ್ತಿಯ ಭಂಗಿ, ಅದು ಗಟ್ಟಿಕುಳ. ಯಂತ್ರದ ಕೆಲಸ ಇಷ್ಟೇ: ಗೊತ್ತಿರುವ ಪ್ರೋಟೀನುಗಳಿಂದ ಒಂಬತ್ತೋ ಮೂರೋ ಅಮೈನೋ ಆಮ್ಲಗಳ ತುಣುಕಿನ ಬಾಗು ಎರವಲು ತಂದು ಸರಪಳಿಯಲ್ಲಿ ಕೂಡಿಸಿ ನೋಡುವುದು, ಶಕ್ತಿ ಇಳಿದರೆ ಇಟ್ಟುಕೊಳ್ಳುವುದು. ಚಂದವಿರುವುದು ಮುಂದೆ: ಶಕ್ತಿ ಏರಿದರೂ ಒಮ್ಮೊಮ್ಮೆ ಬೇಕೆಂದೇ ಒಪ್ಪಿಕೊಳ್ಳುತ್ತದೆ. ಇಲ್ಲದಿದ್ದರೆ ಸಿಕ್ಕ ಮೊದಲ ತಗ್ಗಿನಲ್ಲೇ ಕೂತುಬಿಡುತ್ತದೆ, ಅದಕ್ಕಿಂತ ಆಳವಾದ ತಗ್ಗು ಆಚೆ ಇದ್ದರೂ. ಇದನ್ನು ನೋಡುತ್ತ ಎಷ್ಟೋ ಸಲ ಊಟ ಆರಿದೆ.

ಒಂದೊಂದೇ ಆಕಾರವನ್ನು ಪರೀಕ್ಷಿಸುತ್ತ ಹೋದರೆ ಬ್ರಹ್ಮಾಂಡದ ಆಯಸ್ಸೂ ಸಾಲದು ಎಂದು ಲೆವಿಂಥಾಲ್ ಎಂಬ ವಿಜ್ಞಾನಿ 1969ರಲ್ಲೇ ತೋರಿಸಿದ್ದರು. ಆದರೆ ಸರಪಳಿ ಮನಬಂದಂತೆ ಬಾಗಲಾರದು. ಯಾವ ಕೋನಗಳು ಸಾಧ್ಯ, ಯಾವುವು ಅಸಾಧ್ಯ ಎಂಬ ನಕ್ಷೆಯನ್ನು ವಿಜ್ಞಾನಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಮದರಾಸಿನಲ್ಲಿ 1963ರಲ್ಲೇ ಕೊಟ್ಟರು. ಅವರೇ ಮುಂದೆ ಬೆಂಗಳೂರಿಗೆ ಬಂದು 1971ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತಶಾಸ್ತ್ರ ವಿಭಾಗ ಕಟ್ಟಿದರು. ರೊಸೆಟ್ಟಾ ಶಕ್ತಿ ಲೆಕ್ಕ ಹಾಕುವ ಬಾಬತ್ತುಗಳಲ್ಲಿ ‘ರಾಮಾ’ ಎಂಬುದೊಂದಿದೆ. ಸಿಯಾಟಲ್‌ನಿಂದ ಬಂದ ಗಂಟಿನೊಳಗೆ ನಮ್ಮವರ ಹೆಸರು! ಅದನ್ನು ಕಂಡ ದಿನ ಕಾಕಾನನ್ನು ಕರೆದು ತೋರಿಸಬೇಕೆನಿಸಿತ್ತು.

2020ರಲ್ಲಿ ಕೊರೊನಾ ಬಂದಾಗ ಇದೇ ಬಗೆಯ ಇನ್ನೊಂದು ಯೋಜನೆ ‘ಫೋಲ್ಡಿಂಗ್ ಅಟ್ ಹೋಮ್’ಗೆ ಜನ ಮುಗಿಬಿದ್ದು, ಒಟ್ಟು ಬಲ ಎಕ್ಸಾಫ್ಲಾಪ್ ದಾಟಿತು. ಎಂದರೆ ಸೆಕೆಂಡಿಗೆ ಒಂದರ ಮುಂದೆ ಹದಿನೆಂಟು ಸೊನ್ನೆಯಷ್ಟು ಲೆಕ್ಕ. ಅದೇ ವರ್ಷದ ಕೊನೆಗೆ ಡೀಪ್‌ಮೈಂಡ್‌ನ ಆಲ್ಫಾಫೋಲ್ಡ್ 2 ಬಂತು. ಪ್ರಯೋಗಾಲಯಗಳು ದಶಕಗಳಿಂದ ಬಿಡಿಸಿಟ್ಟ ರಚನೆಗಳನ್ನು ಓದಿ ಕಲಿತ ಯಂತ್ರ ಅದು. ನಾವು ರಾತ್ರಿಯೆಲ್ಲ ತಿಣುಕಿದ್ದನ್ನು ಎಷ್ಟೋ ಬೇಗ, ನಮಗಿಂತ ಸರಿಯಾಗಿ ಹೇಳತೊಡಗಿತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳು. ಆದರೆ ಬೇಕರ್ ಬಳಗ ನಿಸರ್ಗದಲ್ಲಿಲ್ಲದ ಹೊಸ ಪ್ರೋಟೀನುಗಳನ್ನು ರಚಿಸುತ್ತ ಬಂದಿತ್ತು. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಬೇಕರ್ ಅವರಿಗೆ ಬಂದದ್ದು ಅದಕ್ಕೇ. ಕಾಗದದ ಮೇಲಿನ ಅಂಥ ಸರಪಳಿ ನಿಜಕ್ಕೂ ಅಂದುಕೊಂಡ ಆಕಾರಕ್ಕೇ ಮಡಚೀತೇ? ನಮ್ಮಂಥವರ ಯಂತ್ರಗಳಿಗೆ ಕಳಿಸಿ ಸಾವಿರಾರು ಸಲ ಮಡಚಿಸಿ ನೋಡಿದರು. ನಾವು ಕಳಿಸಿದವುಗಳಲ್ಲಿ ಬಹುಪಾಲು ತಪ್ಪು ಮಡಿಕೆಗಳೇ. ಸರಿಯಾದದ್ದು ಎಷ್ಟು ಆಳದಲ್ಲಿದೆ ಎಂದು ಗೊತ್ತಾಗಲು ಆ ತಪ್ಪುಗಳೇ ಬೇಕಿದ್ದವು.

ಇನ್ನು ಖರ್ಚು. ನೂರು ವ್ಯಾಟ್‌ನ ಯಂತ್ರ ಹತ್ತು ತಾಸು ಓಡಿದರೆ ಒಂದು ಯೂನಿಟ್. ಗೃಹಜ್ಯೋತಿ ಯೋಜನೆ ಬಂದಮೇಲೆ ಸರ್ಕಾರದ ಪುಕ್ಕಟೆ ಕರೆಂಟಿನಲ್ಲಿ ಒಂದಿಷ್ಟು ಸಿಯಾಟಲ್‌ನ ಪ್ರೋಟೀನಿಗೂ ಹೋಗುತ್ತಿದೆ. ಇದನ್ನು ಯಾರಿಗೂ ಹೇಳಬೇಡಿ. ಕರೆಂಟು ಹೋದರೂ ಚಿಂತೆಯಿಲ್ಲ, ಕೆಲಸವನ್ನು ಕೊನೆಗೆ ಉಳಿಸಿಟ್ಟ ಚೆಕ್‌ಪಾಯಿಂಟ್‌ನಿಂದ ಮತ್ತೆ ಹಿಡಿಯುತ್ತದೆ. ಏಪ್ರಿಲ್, ಮೇ ಮಾತ್ರ ಯಂತ್ರಕ್ಕೆ ರಜೆ. ಮುಂಡರಗಿ ಸೀಮೆಯ ಬಿಸಿಲಲ್ಲಿ ಮನುಷ್ಯರೇ ಕಾದುಹೋಗುತ್ತೇವೆ.

ಮೊನ್ನೆ ಕಾಲೇಜು ಓದುವ ಹುಡುಗನೊಬ್ಬ ಹಳೆ ಲ್ಯಾಪ್‌ಟಾಪ್ ಹಿಡಿದು ಬಂದ. ಮೊದಲು ಫ್ಯಾನಿನ ಧೂಳು ತೆಗೆಸಿದೆ, ಆಮೇಲೆ ಪ್ರೊಸೆಸರ್ ಅರ್ಧಕ್ಕಿಂತ ಹೆಚ್ಚು ದುಡಿಯದಂತೆ ಕಟ್ಟಿದೆ. ಹುಡುಗ ಬಹಳ ಹೊತ್ತು ಪರದೆ ನೋಡಿದ.

“ಅಣ್ಣಾರ, ಇದು ಬರೇ ತಪ್ಪ ಮಾಡಾಕತ್ತೈತ್ರಿ.”

“ಮಾಡ್ಲಿ ಬಿಡೋ. ಚಾರ್ಜರ್ ತಂದೀ ಇಲ್ಲೋ?”