ಬಾಕಿ ಉಳಿದ ಹದಿನಾಲ್ಕು ತಿಂಗಳು

1970ರಲ್ಲಿ ಬೆಂಗಳೂರಿನ ರಾಜಾಜಿನಗರದ ಒಂದು ಕಾರ್ಖಾನೆಗೆ ನಾನು ಟರ್ನರ್ ಅಪ್ರೆಂಟಿಸ್ ಆಗಿ ಸೇರಿದಾಗ ಪಕ್ಕದ ಲೇತಿನಲ್ಲಿದ್ದವರಿಗೆ ಇಪ್ಪತ್ತೆಂಟು ವರ್ಷ. ನಮಗೆಲ್ಲ ಹದಿನೆಂಟು. ಸೈನ್ಯದಲ್ಲಿ ನಾಯಕ್ ಆಗಿದ್ದವರು, ನಮ್ಮ ಬಾಯಲ್ಲೂ ‘ನಾಯಕ್ರು’ ಆದರು. ಚೀನಾ ಯುದ್ಧದ ಹೊತ್ತಿಗೆ ಮೂರು ವರ್ಷದ ಅಪ್ರೆಂಟಿಸ್‌ಶಿಪ್ ಅರ್ಧಕ್ಕೇ ಬಿಟ್ಟು ಸೈನ್ಯಕ್ಕೆ ಭರ್ತಿಯಾಗಿದ್ದರು. ಬಾಕಿ ಇದ್ದದ್ದು ಹದಿನಾಲ್ಕು ತಿಂಗಳು.

ಏಳು ವರ್ಷ ಸೈನ್ಯದ ಯಂತ್ರ ದುರಸ್ತಿ ವಿಭಾಗವಾದ ಇಎಂಇಯ ವರ್ಕ್‌ಶಾಪುಗಳಲ್ಲಿ ದುಡಿದಿದ್ದರು, 1965ರ ಯುದ್ಧವನ್ನೂ ಕಂಡಿದ್ದರು. ಕಂಪನಿ ಅದ್ಯಾವುದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹೆಂಡತಿ, ಮಗು ಇದ್ದ ಮನುಷ್ಯನನ್ನು ನಮ್ಮ ಜೊತೆ ಮೊದಲಿನಿಂದ ಅರ ಹಿಡಿಸಿತು, ನಮ್ಮಷ್ಟೇ ಸ್ಟೈಪೆಂಡ್ ಕೊಟ್ಟಿತು. ಅದು ಅನ್ಯಾಯ ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಅವರ ಕೈ ಪಳಗಿತ್ತು. ಟೂಲ್ ಸಾಣೆ ಹಿಡಿಯುವುದನ್ನು ನಾನು ಕಲಿತದ್ದು ಅವರಿಂದಲೇ. ಕೊರತೆ ಇದ್ದದ್ದು ಬೇರೆ ಕಡೆ. ಅವರು ಕಲಿತದ್ದು ಇಂಚಿನ ಲೆಕ್ಕ, ಇಂಚಿನ ಸಾವಿರದಲ್ಲೊಂದು ಪಾಲನ್ನು ಎಣಿಸುವ ‘ತೌ’ ಭಾಷೆ. ಅಷ್ಟರಲ್ಲಿ ಇಲ್ಲಿ ಡ್ರಾಯಿಂಗುಗಳೆಲ್ಲ ಮಿಲಿಮೀಟರಿಗೆ ಬದಲಾಗಿದ್ದವು. ಟೇಪರ್ ಕೋನದ ಗಣಿತವೂ ಮರೆತುಹೋಗಿತ್ತು. ನಮ್ಮ ಮೇಸ್ತ್ರಿ ಇದನ್ನು ವಾರದೊಳಗೆ ಹಿಡಿದರು. ಪಾಳಿ ಮುಗಿದ ಮೇಲೆ ದಿನಕ್ಕೆ ಅರ್ಧ ಗಂಟೆ ಕೂರಿಸಿಕೊಂಡು ಅಷ್ಟನ್ನೇ ಕಲಿಸಿದರು. ಐದು ತಿಂಗಳಾದ ಮೇಲೆ ಮ್ಯಾನೇಜರ ಬಳಿ ಹೋಗಿ, “ದಿನ ಎಣಿಸಬೇಡಿ ಸಾರ್, ಕೆಲಸ ಕೊಟ್ಟು ನೋಡಿ” ಎಂದರು. ಕೊಟ್ಟರು. ಒಳಗೆ ತಿರುಪಿನ ಎಳೆ ಕೊರೆದು ನಾಯಕ್ರು ಮಾಡಿದ ಬುಷ್ ಗೇಜಿಗೆ ಸರಿಯಾಗಿ ಕೂತಿತು. ಮುಂದಿನ ತಿಂಗಳಿಂದ ನಾಯಕ್ರಿಗೆ ಟರ್ನರ್ ಸಂಬಳ.

ಮೊದಲ ಮಹಾಯುದ್ಧ ಮುಗಿದಾಗ ಬ್ರಿಟನ್ ಇಂಥವರಿಗೆಂದೇ ಯೋಜನೆ ಮಾಡಿತ್ತೆಂದು ಎಷ್ಟೋ ವರ್ಷಗಳ ನಂತರ ಓದಿದೆ. ನಡುವೆ ನಿಂತ ಅಪ್ರೆಂಟಿಸ್‌ಶಿಪ್ ಮುಗಿಸಲು ಬಂದವರ ಕೂಲಿಯಲ್ಲಿ ಒಂದು ಪಾಲನ್ನು ಸರ್ಕಾರವೇ ಹೊರುತ್ತಿತ್ತು. ನಮ್ಮಲ್ಲಿ ಆ ಕೆಲಸ ಒಬ್ಬ ಮೇಸ್ತ್ರಿಯ ಒಳ್ಳೆಯತನಕ್ಕೆ ಬಿಟ್ಟಿತ್ತು. ಅಂಥ ಮೇಸ್ತ್ರಿ ಸಿಗದವರು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತದ್ದನ್ನು ಕಂಡಿದ್ದೇನೆ.

2022ರಲ್ಲಿ ಸೈನ್ಯ ಭರ್ತಿಗೆ ಅಗ್ನಿಪಥ ಯೋಜನೆ ಬಂತು. ಸೇವೆ ನಾಲ್ಕು ವರ್ಷ. ಆಮೇಲೆ ಉಳಿಸಿಕೊಳ್ಳುವುದು ಶೇಕಡ 25ರವರೆಗೆ ಎಂದು ಆಗ ಹೇಳಿದರು. ಉಳಿದವರು ಇಪ್ಪತ್ತೈದರ ಆಸುಪಾಸಿನಲ್ಲೇ ಕೌಶಲದ ಪ್ರಮಾಣಪತ್ರ ಹಿಡಿದು ಊರಿಗೆ ಮರಳುತ್ತಾರೆ. ಸೇರುವ ಮುಂಚೆ ಐಟಿಐ, ಅಪ್ರೆಂಟಿಸ್‌ಶಿಪ್ ಅಂತ ಏನನ್ನೋ ಅರ್ಧಕ್ಕೆ ಬಿಟ್ಟವರು ಅವರಲ್ಲೂ ಇರುತ್ತಾರೆ.

ಪೀಣ್ಯದ ಕಾರ್ಖಾನೆ ಮಾಲೀಕರಲ್ಲಿ ನನ್ನದೊಂದು ಕೇಳಿಕೆ. ಅಂಥ ಹುಡುಗ ಬಂದರೆ ಸೆಕ್ಯುರಿಟಿ ಕೆಲಸಕ್ಕೆ ಕಳಿಸಬೇಡಿ. ಒಂದು ಡ್ರಾಯಿಂಗ್ ಕೊಟ್ಟು ಲೇತಿನ ಮುಂದೆ ನಿಲ್ಲಿಸಿ. ಏನು ಬಾರದೋ ಅಷ್ಟನ್ನು ಕಲಿಸಿ.