ದೀಪಕ್ಕೊಂದು ಹೊಲ

ಹನುಮಸಾಗರದಿಂದ ಯಲಬುರ್ಗಾ ದಾಟಿ ಕುಕನೂರಿಗೆ ಹೋದವರು ಮಹಾಮಾಯಾ ಗುಡಿಯ ಆವರಣದಲ್ಲಿ ನವಲಿಂಗ ಗುಡಿಗಳನ್ನು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಹತ್ತಿರದ ಇಟಗಿಗೆ ಹೊರಡುತ್ತಾರೆ. ಕುಕನೂರು ರಾಷ್ಟ್ರಕೂಟರ ಕಾಲಕ್ಕೇ ವಿದ್ವಾಂಸರ ಅಗ್ರಹಾರವಾಗಿತ್ತು. ಇಲ್ಲಿ ಓದುತ್ತಿದ್ದ ಹುಡುಗರು ಎಲ್ಲಿ ಮಲಗುತ್ತಿದ್ದರು, ಏನು ಉಣ್ಣುತ್ತಿದ್ದರು ಎಂದು ನಾನು ಪ್ರತಿ ಸಲ ಯೋಚಿಸುತ್ತೇನೆ. ಇಟಗಿಯಲ್ಲೂ ಅಷ್ಟೇ. ಅಲ್ಲಿನ ಗುಡಿಯನ್ನು 1112ರ ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಹೊಗಳುತ್ತದೆ. ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅವನ ಹೆಸರು ಒಂಬೈನೂರು ವರ್ಷ ದಾಟಿ ನಮ್ಮ ಬಾಯಿಗೆ ಬಂದಿದೆ.

ಗುಡಿಯ ಜೊತೆ ಶಾಲೆ ಹೇಗೆ ನಡೆಯುತ್ತಿತ್ತು ಎನ್ನುವುದಕ್ಕೆ ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನ ನೋಡಬೇಕು. ಕ್ರಿ.ಶ. 945ರಲ್ಲಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳು. ದೀಪಕ್ಕೆಂದೇ 12 ನಿವರ್ತನ ಭೂಮಿ. ಊರಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಮುಂಜಿವೆಯಾದರೆ ಎರಡೂವರೆ, ಚೌಲಕ್ಕೆ ಒಂದೂವರೆ.

ಮುಂಜಿವೆಯ ಲೆಕ್ಕವೇ ಆ ಶಾಲೆ ಯಾರ ಮಕ್ಕಳದು ಎಂದು ಹೇಳಿಬಿಡುತ್ತದೆ. ಆ ಹೊಲ ಉತ್ತವರ ಮಕ್ಕಳು ಹೊರಗೆ. ನಮ್ಮದು ಉಳುವ ಮನೆತನ. ಈ ಸಾಲಿಗೆ ಬಂದಾಗ ನನ್ನ ಸಂಭ್ರಮ ಅರ್ಧಕ್ಕೆ ನಿಲ್ಲುತ್ತದೆ. ಆದರೂ ದೀಪದ ಹೊಲ ಮನಸ್ಸಿನಿಂದ ಹೋಗುವುದಿಲ್ಲ. ರಾತ್ರಿ ಓದುವವನಿಗೆ ಎಣ್ಣೆ ಬೇಕು ಎಂದು ಯಾರೋ ನೆನಪಿಟ್ಟಿದ್ದರಲ್ಲ! ಎಣ್ಣೆಯ ಲೆಕ್ಕ ಕಲ್ಲೇರಿತು, ಓದಿದವರ ಹೆಸರು ಏರಲಿಲ್ಲ.

ಬೀಜಿಂಗಿನಲ್ಲಿ ಇದು ಉಲ್ಟಾ. ಅಲ್ಲಿ ಕನ್ಫ್ಯೂಷಿಯಸ್ ಗುಡಿ ಮತ್ತು ಅರಸರ ವಿದ್ಯಾಪೀಠ ಒಂದೇ ಬೀದಿಯಲ್ಲಿ ಅಕ್ಕಪಕ್ಕ ಇವೆ. ಗುಡಿ 1302ರದು, ವಿದ್ಯಾಪೀಠ 1306ರದು. ಗುಡಿಯ ಅಂಗಳದಲ್ಲಿ ನಿಂತಿರುವ 198 ಕಲ್ಲುಗಳ ಮೇಲೆ ಸಾಮ್ರಾಜ್ಯದ ಅತಿ ದೊಡ್ಡ ಪರೀಕ್ಷೆ ಪಾಸಾದ 51,624 ಜನರ ಹೆಸರುಗಳಿವೆ, ಊರಿನ ಸಮೇತ. ಎಲ್ಲರೂ ಗಂಡಸರೇ, ಹೆಣ್ಣುಮಕ್ಕಳಿಗೆ ಪರೀಕ್ಷೆಯ ಬಾಗಿಲೇ ಮುಚ್ಚಿತ್ತು. ಹತ್ತಾರು ಸಲ ಕೂತು ನಪಾಸಾಗಿ ಮುದುಕರಾದವರಿಗೂ ಕಲ್ಲಿಲ್ಲ. 1905ರಲ್ಲಿ ಆ ಪರೀಕ್ಷೆಯೇ ನಿಂತುಹೋಯಿತು.

ನಮ್ಮ ಕಡೆ ನಿಂತಿಲ್ಲ. ಕುಷ್ಟಗಿ, ಯಲಬುರ್ಗಾ ಸೀಮೆಯ ಹುಡುಗ ಹುಡುಗಿಯರು ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಾರೆ. ಲೈಬ್ರರಿಯಲ್ಲಿ ಕುರ್ಚಿಗೂ ತಿಂಗಳ ಬಾಡಿಗೆ. ಹಬ್ಬಕ್ಕೆ ಊರಿಗೆ ಬಂದರೆ ಬಸ್‌ಸ್ಟ್ಯಾಂಡಿನಲ್ಲೇ ವಿಚಾರಣೆ: “ಲಿಸ್ಟ್ ಬಂತೇನು? ಹೆಸರೈತೇನು?” ಕೆಲವರು ಅದಕ್ಕೇ ಹಬ್ಬಕ್ಕೂ ಬರುವುದಿಲ್ಲ.

ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಇದು ನಾಲ್ಕನೆಯ ವರ್ಷ. ಅವಳ ಬಾಡಿಗೆ ಅಪ್ಪನ ತೊಗರಿ ಹೊಲದಿಂದ ಹೋಗುತ್ತದೆ. ಸಾಲೋಟಗಿಯ ಲೆಕ್ಕ ಹೇಳಿದಾಗ ಅವಳು ನಕ್ಕಳು. “ನಮ್ಮಪ್ಪನ ಹೊಲಾನೂ ದೀಪದ ಹೊಲಾನೇ ಬಿಡ್ರಿ ಅಣ್ಣಾ” ಎಂದಳು. ಆಮೇಲೆ ಫೋನು ತೆಗೆದು, 945ನೋ 954ನೋ ಎಂದು ಇನ್ನೊಮ್ಮೆ ಕೇಳಿ, ಬರೆದುಕೊಂಡಳು. ಪರೀಕ್ಷೆಗೆ ಬರಬಹುದಂತೆ.